ಲೈಸಿಯಂ ರಂಗಮಂದಿರದ ಗಾನಮುದ್ರಿಕೆ

ಸಭೆಯಲ್ಲಿ ಹಾಡಿದ ಹಾಡನ್ನು ಸಭೆಯ ಗದ್ದಲದೊಡನೆಯೇ ಮುದ್ರಿಸಿ ಮಾರುವುದು ರಸಿಕರಿಗೆ ಮಾಡುವ ಅಪಚಾರವೆಂದು ನಾನು ಬಹುಕಾಲ ನಂಬಿದ್ದೆನು. ಗಾಯಕನ ಕಂಠವನ್ನು ಕೇಳಬೇಕೆಂದು ಕುಳಿತವನಿಗೆ ಅಪರಿಚಿತರ ಚಪ್ಪಾಳೆಯೂ ಕೂಗೂ ಏತಕ್ಕೆ? ಬಾಬ್ ಮಾರ್ಲಿ ಮತ್ತು ವೇಲರ್ಸ್ ತಂಡದವರ ‘ಲೈವ್!’ ಎಂಬ ಮುದ್ರಿಕೆಯನ್ನು ನಾಲ್ಕಾರು ಸಲ ಕೇಳಿದ ಮೇಲೆ ಆ ನಂಬಿಕೆಯನ್ನು ತಿದ್ದಿಕೊಳ್ಳಬೇಕಾಗಿ ಬಂದಿದೆ.

1975ನೆಯ ಇಸವಿಯ ಜುಲೈ ತಿಂಗಳಲ್ಲಿ ಲಂಡನ್ನಿನ ಲೈಸಿಯಂ ರಂಗಮಂದಿರದಲ್ಲಿ ನಡೆದ ಕಚೇರಿಯ ಮುದ್ರಣವಿದು. ಅದೇ ವರ್ಷದ ಕೊನೆಗೆ ಐಲೆಂಡ್ ಸಂಸ್ಥೆಯವರು ಇದನ್ನು ಪ್ರಕಟಿಸಿದರು. ಹಿಂದೆ ಹೆನ್ರಿ ಇರ್ವಿಂಗನು ಷೇಕ್ಸ್‌ಪಿಯರನ ನಾಟಕಗಳನ್ನು ಆಡಿದ ಸ್ಥಳವದು. ಅಲ್ಲಿ ಜಮೈಕಾ ದ್ವೀಪದ ಬಡಕೇರಿಯೊಂದರಲ್ಲಿ ಬೆಳೆದವನು ಹಾಡಲು ನಿಂತನು. ಹಾಡುಗಳು ಏಳೇ.

ರೆಗೇ ಸಂಗೀತದ ತಾಳವು ನಮ್ಮ ಕಿವಿಗೆ ಮೊದಲು ತಲೆಕೆಳಗಾಗಿ ತೋರುವುದು. ನಾಲ್ಕೆಣಿಕೆಯ ಆವರ್ತದಲ್ಲಿ ಮೊದಲನೆಯದನ್ನು ಬರಿದಾಗಿ ಬಿಟ್ಟು ಮೂರನೆಯದರ ಮೇಲೆ ಡ್ರಮ್ಮಿನ ಭಾರವಾದ ಪೆಟ್ಟನ್ನು ಇಳಿಸುತ್ತಾರೆ. ಎರಡನೆಯ, ನಾಲ್ಕನೆಯ ಎಣಿಕೆಗಳಲ್ಲಿ ಗಿಟಾರು ಚುಟುಕಾಗಿ ಮಿಡಿಯುತ್ತದೆ. ಸಮದಲ್ಲಿ ಪೆಟ್ಟನ್ನು ನಿರೀಕ್ಷಿಸುವವನು ಎಡವುವನು. ಡ್ರಮ್ ನುಡಿಸಿದ ಕಾರ್ಲ್ಟನ್ ಬ್ಯಾರೆಟ್, ಮಂದ್ರದ ಗಿಟಾರು ಹಿಡಿದ ಅವನ ಅಣ್ಣ ಆಸ್ಟನ್, ಇವರಿಬ್ಬರೂ ಆ ಬರಿದನ್ನು ತುಂಬಲು ಅವಸರಪಡುವುದಿಲ್ಲ. ಅದನ್ನು ಕೇಳುವವನ ಮೈಯೇ ತುಂಬಬೇಕು. ಸಭಿಕನಿಗೆ ಹೀಗೆ ಎಡೆಬಿಟ್ಟು ಕಟ್ಟಿದ ಸಂಗೀತವನ್ನು ಸಭೆಯಿಲ್ಲದೆ ಕೇಳುವುದೇ ಅಪೂರ್ಣವೇನೋ!

‘ನೋ ವುಮನ್, ನೋ ಕ್ರೈ’ ಎಂಬ ಹಾಡನ್ನು ನೋಡಿರಿ. ಹೆಣ್ಣಿಲ್ಲದಿದ್ದರೆ ಅಳುವಿಲ್ಲ ಎಂದು ಕೆಲವರು ಅರ್ಥಮಾಡುವುದುಂಟು. ಅದು ಶುದ್ಧ ತಪ್ಪು. ಜಮೈಕಾದವರ ಆಡುನುಡಿಯಲ್ಲಿ ಅದು ‘ಬೇಡ ತಾಯಿ, ಅಳಬೇಡ’ ಎಂಬ ಸಾಂತ್ವನ. 1974ರ ‘ನ್ಯಾಟಿ ಡ್ರೆಡ್’ ಮುದ್ರಿಕೆಯಲ್ಲಿ ಇದೇ ಹಾಡು ಯಂತ್ರದ ತಾಳಕ್ಕೆ ಹೆಜ್ಜೆಯಿಡುತ್ತ ಸುಮಾರು ನಾಲ್ಕು ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ಲೈಸಿಯಮ್ಮಿನಲ್ಲಿ ಅದು ಏಳು ನಿಮಿಷ ನಿಲ್ಲುತ್ತದೆ. ನಡೆ ನಿಧಾನವಾಗಿದೆ. ಆರ್ಗನ್ ವಾದ್ಯವು ಪೀಠಿಕೆ ಹಾಕುತ್ತಿರುವಾಗಲೇ, ಗಾಯಕನು ಬಾಯಿ ತೆರೆಯುವ ಮುನ್ನವೇ, ಸಭೆಯು ಪಲ್ಲವಿಯನ್ನು ಎತ್ತಿಕೊಳ್ಳುತ್ತದೆ. ಕಿಂಗ್‌ಸ್ಟನ್ನಿನ ಸರಕಾರಿ ವಠಾರ, ಇರುಳಿನಲ್ಲಿ ಉರಿಸಿದ ಸೌದೆ, ಹಂಚಿಕೊಂಡುಂಡ ಗಂಜಿ—ಇವು ಹಾಡಿನ ವಸ್ತು. ಲಂಡನ್ನಿನಲ್ಲಿ ನಿಂತು ಹಾಡಿದ ಎಷ್ಟೋ ಜನರು ಆ ವಠಾರವನ್ನು ಕಂಡವರಲ್ಲ. ಭಟ್ಟನಾಯಕನು ಹೇಳಿದ ಸಾಧಾರಣೀಕರಣವನ್ನು ಪಾಠ ಹೇಳುವಾಗ ನಾನು ಎಷ್ಟು ವಿವರಿಸಿದರೂ ಹುಡುಗರ ಮುಖವು ಅರಳುತ್ತಿರಲಿಲ್ಲ. ಈ ಹಾಡು ಆಗ ನನ್ನ ಕೈಯಲ್ಲಿದ್ದಿದ್ದರೆ!

ಭರತಮುನಿಯು ಪ್ರಯೋಗದ ಸಿದ್ಧಿಯನ್ನು ಮಾನುಷಿ, ದೈವೀ ಎಂದು ಎರಡಾಗಿ ವಿಂಗಡಿಸಿದ್ದಾನೆ. ಪ್ರೇಕ್ಷಕರ ನಗೆ, ‘ಸಾಧು’ ಎಂಬ ಉದ್ಗಾರ, ಪುಲಕ, ಎದ್ದು ನಿಲ್ಲುವುದು ಮೊದಲಾದವು ಮಾನುಷಿ. ರಂಗವು ತುಂಬಿದ್ದೂ ನಿಶ್ಶಬ್ದವಾಗಿರುವುದು ದೈವೀ. ಎರಡನೆಯದನ್ನೇ ಹಿರಿದೆಂದು ತಿಳಿದಿದ್ದ ನನಗೆ, ಮೊದಲನೆಯದೂ ಸಿದ್ಧಿಯೆಂಬುದು ಮರೆತೇಹೋಗಿದ್ದಿತು.

ಆದರೆ ಎಲ್ಲ ಕೂಗೂ ಒಂದೇ ಬೆಲೆಯದಲ್ಲ. ಕೊನೆಯ ‘ಗೆಟ್ ಅಪ್, ಸ್ಟ್ಯಾಂಡ್ ಅಪ್’ ಹಾಡಿನಲ್ಲಿ ಮಾರ್ಲಿಯು ತಾನು ಕೂಗಿ ಸಭೆಯಿಂದ ಮರುಕೂಗನ್ನು ಬೇಡುತ್ತಾನೆ. ಸಭೆ ಕೊಡುತ್ತದೆ, ಆದರೆ ಇಲ್ಲಿ ಉತ್ಸಾಹವಿದೆಯೇ ಹೊರತು ಆ ಕರಗುವಿಕೆಯಿಲ್ಲ. ಕೇಳದೆ ಬಂದ ದನಿಗೂ ಕೇಳಿ ಪಡೆದ ದನಿಗೂ ಇರುವ ಅಂತರವು ಕಿವಿಯುಳ್ಳವರಿಗೆ ತಿಳಿಯದಿರದು. ಹಾಡನ್ನು ಜೊತೆಗೂಡಿ ರಚಿಸಿದ ಪೀಟರ್ ಟಾಷನು ಅಷ್ಟರಲ್ಲಿ ತಂಡವನ್ನು ಬಿಟ್ಟಿದ್ದನು; ಅವನ ಒರಟು ಕಂಠದ ಕೊರತೆಯೂ ಇಲ್ಲಿ ಕಾಣುತ್ತದೆ.

2001ರ ಮರುಮುದ್ರಣದಲ್ಲಿ ಎಂಟನೆಯ ಹಾಡೊಂದನ್ನು ಸೇರಿಸಿದ್ದಾರೆ. ಕೊಳ್ಳುವವರು ಅದನ್ನೇ ಕೊಳ್ಳಬಹುದು. ನನಗೆ ಏಳೇ ಸಾಕಾಗಿವೆ.