ದೀಕ್ಷಾಸ್ನಾನಕ್ಕೆ ಮುಂಚಿನ ಪುಟಗಳು: ಕ್ರೈಸ್ತ ಕುಟುಂಬಚರಿತ್ರೆಯಿಂದ ಹುಟ್ಟಿದ ಕಾದಂಬರಿಗಳನ್ನು ಕುರಿತು

ವಂಶದ ಹಿರಿಯರ ಪ್ರೇಮ, ವಿವಾಹ, ಮತಾಂತರ, ಕಷ್ಟಕಾರ್ಪಣ್ಯಗಳನ್ನು ಒಂದೇ ಸೂತ್ರದಲ್ಲಿ ಹೆಣೆದು, ಓದುವವರ ವಿಶ್ವಾಸವನ್ನು ಬಲಪಡಿಸಬೇಕೆಂಬ ಉದ್ದೇಶದಿಂದ ರಚಿಸುವ ಐತಿಹಾಸಿಕ ಕಾದಂಬರಿಯನ್ನು ನಮ್ಮ ವಿಮರ್ಶೆ ಸಾಮಾನ್ಯವಾಗಿ ಸಾಹಿತ್ಯದ ಹೊರ ಜಗಲಿಯಲ್ಲೇ ಕೂರಿಸಿದೆ. ಭಕ್ತಿಗೆ ಬೇಕಾದದ್ದು, ಕಲೆಗೆ ಬೇಡವಾದದ್ದು ಎಂಬ ತೀರ್ಪು ಅದರ ಹಿಂದೆ ಇದೆ. ಈ ತೀರ್ಪನ್ನು ನಾವೂ ಬಹುಕಾಲ ಒಪ್ಪಿಕೊಂಡಿದ್ದೆವು. ಅದನ್ನು ಪುನಃ ಪರಿಶೀಲಿಸುವಂತೆ ಮಾಡಿದ್ದು ಒಂದು ಹಸ್ತಪ್ರತಿ.

ವಿಶಾಖಪಟ್ಟಣದಿಂದ ನಮ್ಮಲ್ಲಿಗೆ ಸಂಶೋಧನೆಗೆ ಬಂದ ವಿದ್ಯಾರ್ಥಿನಿಯೊಬ್ಬರು ತಮ್ಮ ಮುತ್ತಜ್ಜ ಮುತ್ತಜ್ಜಿಯರ ಕಥೆಯನ್ನು ಕಾದಂಬರಿಯಾಗಿ ಬರೆಯುತ್ತಿದ್ದರು. ಆಧಾರಗಳು ಎರಡು: ಮನೆಯ ಬೈಬಲ್ಲಿನ ಮೊದಲ ಹಾಳೆಯಲ್ಲಿ ಬರೆದಿಟ್ಟ ಹುಟ್ಟು, ಮದುವೆ, ಮರಣಗಳ ತಾರೀಖುಗಳು, ವಿಜಯವಾಡದಲ್ಲಿದ್ದ ಅಜ್ಜಿಯ ನೆನಪು. ಕರಡಿನಲ್ಲಿ ದೀಕ್ಷಾಸ್ನಾನದ ನಂತರದ ಬದುಕಿಗೆ ಇನ್ನೂರು ಪುಟಗಳಿದ್ದವು. ಅದಕ್ಕೆ ಮುಂಚಿನ ಬದುಕಿಗೆ ನಾಲ್ಕು ಸಾಲು. ಆ ನಾಲ್ಕು ಸಾಲಿನಲ್ಲಿ 'ಕತ್ತಲೆ' ಎಂಬ ಪದ ಮೂರು ಬಾರಿ ಬಂದಿತ್ತು. ನಾವು ಭಾಷೆಯನ್ನು ತಿದ್ದಿದೆವು, ಈ ಅಳತೆಯನ್ನು ತಿದ್ದಲಿಲ್ಲ. ಅದು ತಪ್ಪೆಂದು ಅನಂತರ ಹೊಳೆಯಿತು.

ಏಕೆಂದರೆ ಪ್ರೇಮ, ಕುಟುಂಬ, ಧರ್ಮಾಂತರ ಈ ಮೂರೂ ಕೂಡಿದ ಕಥನ ಕನ್ನಡಕ್ಕೆ ಹೊಸದಲ್ಲ. ನಮ್ಮ ಆದಿಕವಿಯ ಮನೆತನದ ಕಥೆಯೇ ಅಂಥದು. ಪಂಪನ ಪೂರ್ವಿಕರು ವೆಂಗಿ ಮಂಡಲದವರು. ಇಂದು ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ರೈಲಿನಲ್ಲಿ ಹೋಗುವವರು ಏಲೂರಿನ ಬಳಿ ದಾಟುವ ಸೀಮೆಯೇ ಅದು. ಮಾಧವ ಸೋಮಯಾಜಿಯಿಂದ ಮೊದಲಾಗುವ ವೈದಿಕ ವಂಶದಲ್ಲಿ ಅಭಿರಾಮದೇವರಾಯ ಜೈನನಾದ. ಅವನ ಮಗ ಪಂಪ ವಿಕ್ರಮಾರ್ಜುನ ವಿಜಯದ ಕೊನೆಯಲ್ಲಿ ಈ ವಂಶಾವಳಿಯನ್ನು ಹೇಳುವಾಗ ಹಿಂದಿನವರನ್ನು ಮುಚ್ಚಿಡುವುದಿಲ್ಲ. ಯಜ್ಞದ ಹೊಗೆ ಸೋಮಯಾಜಿಯ ಕೀರ್ತಿಗೆ ಮಸಿ ಹಿಡಿಸಿತೆಂಬ ಒಂದು ಚುಚ್ಚುಮಾತು ಉಂಟು, ನಿಜ. ಆದರೆ ಅದೇ ಮಾತಿನಲ್ಲಿ ಅವರ ಪಾಂಡಿತ್ಯದ ಅಭಿಮಾನವೂ ಉಂಟು. ತಮ್ಮ ಜಿನವಲ್ಲಭ ಕುರಿಕ್ಯಾಲದ ಬಂಡೆಯ ಮೇಲೆ ಕನ್ನಡ, ಸಂಸ್ಕೃತ, ತೆಲುಗು ಮೂರರಲ್ಲೂ ಬರೆಸಿದ ಶಾಸನವೂ ಮನೆತನದ ಮೂಲವನ್ನು ನೆನೆಯುತ್ತದೆ. ಮತ ಬದಲಾಯಿತು; ಅಜ್ಜಂದಿರು ಬದಲಾಗಲಿಲ್ಲ.

ಕಾವ್ಯದೊಳಗೆ ಇದೇ ದೃಷ್ಟಿ ಇನ್ನಷ್ಟು ಆಳವಾಗಿ ಕೆಲಸಮಾಡಿದೆ. ಕ್ರಿ.ಶ. 941ರ ಆದಿಪುರಾಣದಲ್ಲಿ ಲಲಿತಾಂಗ ಸ್ವಯಂಪ್ರಭೆಯರು ವಜ್ರಜಂಘ ಶ್ರೀಮತಿಯರಾಗಿ ಹುಟ್ಟುತ್ತಾರೆ. ಹಿಂದಿನ ಜನ್ಮ ನೆನಪಾದ ಶ್ರೀಮತಿ ಅದನ್ನು ಚಿತ್ರಪಟವಾಗಿ ಬರೆಯುತ್ತಾಳೆ. ಆ ಚಿತ್ರವೇ ಅಗಲಿದವರನ್ನು ಕೂಡಿಸುತ್ತದೆ. ಮುಂದೆ ಶಯ್ಯಾಗೃಹದ ಧೂಪದ ಹೊಗೆಯಲ್ಲಿ ಇಬ್ಬರೂ ಒಟ್ಟಿಗೆ ಸಾಯುತ್ತಾರೆ. ಭೋಗಭೂಮಿಯಲ್ಲಿ ಅವರಿಗೆ ಸಮ್ಯಕ್ತ್ವ ದೊರಕುತ್ತದೆ. ಕಡೆಗೆ ಆ ಪ್ರಿಯೆಯ ಜೀವವೇ ಶ್ರೇಯಾಂಸನಾಗಿ ಆದಿನಾಥನಿಗೆ ಕಬ್ಬಿನ ರಸದ ಭಿಕ್ಷೆ ನೀಡುತ್ತದೆ. ಪಂಪ ಭೋಗವನ್ನು ತ್ಯಾಗಕ್ಕೆ ಮೆಟ್ಟಿಲಾಗಿಸಿದ ಎಂದು ನಾವೆಲ್ಲ ತರಗತಿಯಲ್ಲಿ ಹೇಳುತ್ತೇವೆ. ಆದರೆ ಭವಾವಳಿಯ ಮರ್ಮ ನೆನಪು. ಹಿಂದಿನ ಭವ ಅಳಿಸಿಹೋದರೆ ಮುಂದಿನದಕ್ಕೆ ಅರ್ಥವೇ ಇಲ್ಲ. ಕುಟುಂಬಚರಿತ್ರೆಯಿಂದ ಬರೆಯುವ ಕ್ರೈಸ್ತ ಕಾದಂಬರಿಕಾರರಿಗೆ ದೀಕ್ಷಾಸ್ನಾನಕ್ಕೆ ಮುಂಚಿನ ತಲೆಮಾರು ಇಂಥ ಒಂದು ಪೂರ್ವಭವ. ಅದನ್ನು ಅವರು ಏನು ಮಾಡುತ್ತಾರೆ ಎಂಬುದರಲ್ಲಿ ಕೃತಿಯ ಗೆಲುವು ಸೋಲು ನಿರ್ಧಾರವಾಗುತ್ತದೆಂದು ನಮ್ಮ ತಿಳಿವಳಿಕೆ.

ಈ ಬಗೆಯ ಬರಹದ ಮೊದಲ ಘಟ್ಟದಲ್ಲಿ ನಿಲ್ಲುವವರು ಕೃಪಾಬಾಯಿ ಸತ್ಯನಾಥನ್. 1862ರಲ್ಲಿ ಅಹ್ಮದ್‌ನಗರದಲ್ಲಿ ಜನಿಸಿ, ಪತಿಯ ಉದ್ಯೋಗದ ನಿಮಿತ್ತ ಕೆಲಕಾಲ ರಾಜಮಹೇಂದ್ರಿಯಲ್ಲೂ ಇದ್ದ ಈಕೆ ಇಂಗ್ಲಿಷಿನಲ್ಲಿ ಬರೆದ 'ಸಗುಣಾ' 1887–88ರಲ್ಲಿ ಮದ್ರಾಸ್ ಕ್ರಿಶ್ಚಿಯನ್ ಕಾಲೇಜ್ ಮ್ಯಾಗಜೀನಿನಲ್ಲಿ ಧಾರಾವಾಹಿಯಾಗಿ ಬಂದಿತು. ತನ್ನ ಕಥೆಗೆ ಮೊದಲು ತಂದೆತಾಯಿಯರ ಕಥೆಯನ್ನು ಲೇಖಕಿ ಹೇಳುತ್ತಾಳೆ. ಬ್ರಾಹ್ಮಣ ಯುವಕ ಕ್ರೈಸ್ತನಾಗುತ್ತಾನೆ; ಬಾಲ್ಯದಲ್ಲೇ ಅವನನ್ನು ಕೈಹಿಡಿದ ರಾಧೆ ಒಲ್ಲದ ಮನಸ್ಸಿನಿಂದ ಅವನ ಮನೆ ಸೇರುತ್ತಾಳೆ. ಅವಳ ಒಲ್ಲದಿರುವಿಕೆಯನ್ನು ಮಗಳು ಅಡಗಿಸಿಲ್ಲ ಎಂಬುದೇ ಈ ಭಾಗದ ಹಿರಿಮೆ. ದಾಂಪತ್ಯ ಒಡೆಯದೆ ಉಳಿದದ್ದಕ್ಕೆ ಕಾರಣ ಉಪದೇಶವಲ್ಲ. ನಿಧಾನವಾಗಿ, ಬಹುಮಟ್ಟಿಗೆ ಮೌನದಲ್ಲಿ ಬೆಳೆದ ಸಹನೆ.

ಕೊಂಕಣಿಯ ಖಡಾಪ್ ಅವರ ದಾರಿ ಬೇರೆ. ವಿ.ಜೆ.ಪಿ. ಸಲ್ಡಾನ್ಹಾ (1925–2000) ಎಂಬುದು ಅವರ ನಿಜನಾಮ. ಮಂಗಳೂರಿನ ಕೆಥೊಲಿಕರು 1784ರಲ್ಲಿ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಸಾಗಿದ, 1799ರವರೆಗೂ ಮುಂದುವರಿದ ಬಂಧನದ ಕಾಲವನ್ನು 'ಬೆಳ್ತಂಗಡಿಚೊ ಬಾಲ್ತಜಾರ್', 'ದೇವಾಚೆ ಕುರ್ಪೆನ್', 'ಸರ್ದಾರಾಂಚಿ ಸಿನೊಲ್' ಮೊದಲಾದ ಕಾದಂಬರಿಗಳಲ್ಲಿ ಅವರು ಕಥೆಯಾಗಿಸಿದ್ದಾರೆ. ಮಂಗಳೂರು ಕೊಂಕಣಿ ಕನ್ನಡ ಲಿಪಿಯಲ್ಲಿ ಅಚ್ಚಾಗುವುದರಿಂದ ಹೊರನಾಡಿನ ನಮ್ಮ ಸಂಶೋಧಕರಿಗೆ ಇವು ದೂರವಾಗಬೇಕಿಲ್ಲ. ಆದರೂ ದೂರವೇ ಆಗಿವೆ. ಅಲ್ಲಿ ಸಮುದಾಯ ಆಗಲೇ ಕ್ರೈಸ್ತವಾಗಿದೆ. ಹೀಗಾಗಿ ಪೂರ್ವಭವದ ಪ್ರಶ್ನೆಯೇ ಏಳುವುದಿಲ್ಲ. ಸೆರೆ ಎಂಬುದು ವಿಶ್ವಾಸದ ಪರೀಕ್ಷೆಯಾಗಿ ನಿಲ್ಲುತ್ತದೆ.

ಪ್ರಶ್ನೆ ತೀವ್ರವಾಗುವುದು ಆಂಧ್ರದ ಕರಾವಳಿಯಲ್ಲಿ. ವಿಶಾಖಪಟ್ಟಣಕ್ಕೆ ಲಂಡನ್ ಮಿಷನ್ನಿನವರು 1805ರಲ್ಲೇ ಬಂದಿದ್ದರು. ಆದರೆ ಊರೂರುಗಳೇ ಕ್ರೈಸ್ತವಾದದ್ದು 1876–78ರ ಮಹಾಕ್ಷಾಮದ ಬೆನ್ನಿಗೆ. ಕ್ಷಾಮದ ಕೂಲಿಯಿಂದ ಬಕಿಂಗ್‌ಹ್ಯಾಂ ಕಾಲುವೆಯನ್ನು ತೋಡಿಸಲಾಯಿತು. ಒಂಗೋಲಿನ ಅಮೆರಿಕನ್ ಬ್ಯಾಪ್ಟಿಸ್ಟ್ ಮಿಷನರಿ ಜಾನ್ ಕ್ಲಾ ಅದರ ಒಂದು ಭಾಗವನ್ನು ಗುತ್ತಿಗೆ ಹಿಡಿದು ಹಸಿದವರಿಗೆ ಕೆಲಸ ಕೊಟ್ಟರು. ಅನ್ನಕ್ಕಾಗಿ ಬಂದರೆಂಬ ಮಾತು ಬಾರದಿರಲೆಂದು ಆ ಅವಧಿಯಲ್ಲಿ ಅವರು ದೀಕ್ಷಾಸ್ನಾನ ಕೊಡಲಿಲ್ಲ. ಅನಂತರ 1878ರ ಜುಲೈ 3ರಂದು ಗುಂಡ್ಲಕಮ್ಮ ನದಿಯಲ್ಲಿ ಒಂದೇ ದಿನ 2,222 ಮಂದಿ ದೀಕ್ಷಾಸ್ನಾನ ಪಡೆದರು. ಮಿಷನ್ನಿನ ವರದಿಗೆ ಇದೊಂದು ಅಂಕಿ. ಒಂದೊಂದು ಮನೆಗೂ ವಂಶಾವಳಿಯ ಮೊದಲ ಸಾಲು. ಅದರ ಹಿಂದಿನದು ಬರಹದಲ್ಲಿ ಇಲ್ಲ.

ಜಿ. ಕಲ್ಯಾಣರಾವ್ ಅವರ ತೆಲುಗು ಕಾದಂಬರಿ 'ಅಂಟರಾನಿ ವಸಂತಂ' (2000) ಈ ಖಾಲಿಜಾಗದಿಂದಲೇ ಹೊರಡುತ್ತದೆ. ಮುದುಕಿ ರೂತ್ ತಾನು ಕಂಡಿರದ ಗಂಡನ ಹಿರಿಯರನ್ನು ನೆನೆಯುತ್ತಾಳೆ. ಕಾಣದವರನ್ನು ನೆನೆಯುವುದು ಹೇಗೆ ಎಂದು ಕೇಳಬಹುದು. ಶ್ರೀಮತಿಯ ಚಿತ್ರಪಟವನ್ನು ಬಲ್ಲ ಕನ್ನಡಿಗರು ಕೇಳಬೇಕಿಲ್ಲ. ಗಂಡನ ಅಜ್ಜ ಎಲ್ಲನ್ನ ಎನ್ನೆಲದಿನ್ನಿಯವನು. ತೆಲುಗಿನ ಆ 'ದಿನ್ನಿ' ನಮ್ಮ 'ದಿಣ್ಣೆ'ಯೇ. ಬೆಳದಿಂಗಳ ದಿಣ್ಣೆ ಎಂದರೆ ಸರಿಯಾದೀತು. ಎಲ್ಲನ್ನ ಅಸ್ಪೃಶ್ಯ, ಹಾಡುಗಾರ, ಆಟಗಾರ. ಅವನಿಗೂ ಸುಭದ್ರೆಗೂ ಇರುವ ಪ್ರೇಮ ಹಾಡಿನಲ್ಲೇ ಹುಟ್ಟಿ ಹಾಡಿನಲ್ಲೇ ಅಗಲುತ್ತದೆ. ಮಗ ಶಿವಯ್ಯ, ಸೊಸೆ ಶಶಿರೇಖೆ ಬರಗಾಲದಲ್ಲಿ ಊರು ಬಿಟ್ಟು ಕಾಲುವೆಯ ಕೆಲಸಕ್ಕೆ ಹೋಗುತ್ತಾರೆ. ಹಸಿವಿನ ನಡುವೆಯೂ ಅಲ್ಲಿ ಜಾತಿ ಎದುರಾಗುತ್ತದೆ. ಮುಂದೆ ಶಿವಯ್ಯ ಸೀಮೋನನಾಗುತ್ತಾನೆ, ಅವನ ಮಗ ರೂಬೇನ.

ಇಲ್ಲಿ ಮತಾಂತರ ಬೆಳಕಿನ ಸ್ಫೋಟವಲ್ಲ. ಹೆಸರಿನ ಬದಲಾವಣೆ, ಒಂದಿಷ್ಟು ಅಕ್ಷರ, ಒಂದಿಷ್ಟು ಮಾನ. ಜಾತಿ ಸಭೆಯೊಳಗೂ ಹಿಂಬಾಲಿಸುತ್ತದೆ. ಕಲ್ಯಾಣರಾವ್ ಕ್ರಾಂತಿಕಾರಿ ಸಾಹಿತ್ಯ ಚಳುವಳಿಯವರು. ವಿಶ್ವಾಸವನ್ನು ಬಲಪಡಿಸುವುದು ಅವರ ಉದ್ದೇಶವಲ್ಲ, ಕೊನೆಯ ತಲೆಮಾರುಗಳನ್ನು ಅವರು ಹೋರಾಟದತ್ತ ನಡೆಸುತ್ತಾರೆ. ಆ ಕೊನೆಯ ಭಾಗ ನಮಗೆ ಅವಸರದ್ದಾಗಿ ತೋರುತ್ತದೆ. ಪಾತ್ರಗಳು ಬದುಕುವುದಕ್ಕಿಂತ ನಿಲುವುಗಳನ್ನು ಸಾರುವುದು ಅಲ್ಲಿ ಹೆಚ್ಚು. ಧರ್ಮೋಪದೇಶದ ಕಾದಂಬರಿಗೆ ನಾವು ಹೊರಿಸುವ ದೋಷವೇ ಅದು. ಆದರೆ ಮೊದಲರ್ಧದಲ್ಲಿ ಲೇಖಕರು ಸಾಧಿಸಿದ್ದನ್ನು ಯಾವ ಭಕ್ತಿಕಾದಂಬರಿಕಾರರೂ ಕಲಿಯಬೇಕು. ಹಿರಿಯರಿಗೆ ದೇವರು ಸಿಗುವ ಮೊದಲೇ ಕಲೆ ಇತ್ತು, ಒಲವು ಇತ್ತು, ಮರ್ಯಾದೆಯ ಅರಿವು ಇತ್ತು. ಅಲ್ಲಾಡಿ ಉಮಾ, ಎಂ. ಶ್ರೀಧರ್ ಅವರ ಇಂಗ್ಲಿಷ್ ಅನುವಾದ 2010ರಲ್ಲಿ ಬಂದಿರುವುದರಿಂದ ತೆಲುಗು ತಿಳಿಯದವರಿಗೂ ಇದು ನಿಲುಕುತ್ತದೆ.

ಸುಜಾತಾ ಗಿಡ್ಲಾ ಅವರ 'ಆಂಟ್ಸ್ ಅಮಂಗ್ ಎಲಿಫೆಂಟ್ಸ್' (2017) ಕಾದಂಬರಿಯಲ್ಲ. ಆದರೂ ಇದರ ಜತೆಗಿಟ್ಟು ಓದಬೇಕಾದದ್ದು. ತಾಯಿ ಮಂಜುಳಾ, ಸೋದರಮಾವ ಕೆ.ಜಿ. ಸತ್ಯಮೂರ್ತಿ ಇವರ ಬಾಯಿಮಾತುಗಳನ್ನು ಸಂಗ್ರಹಿಸಿ ಕಟ್ಟಿದ ಕುಟುಂಬಚರಿತ್ರೆ. ಈ ಕ್ರೈಸ್ತ ದಲಿತ ಮನೆಯ ಆರಂಭದ ಬದುಕಿನಲ್ಲಿ ವಿಶಾಖಪಟ್ಟಣ ಬರುತ್ತದೆ, ಮುಂದೆ ಕೃಷ್ಣಾ ಸೀಮೆ ಬರುತ್ತದೆ. ಇಲ್ಲಿಯ ಮದುವೆಗಳಲ್ಲಿ ಪ್ರೇಮಕ್ಕಿಂತ ಸಾಲ, ಸಂಬಳ, ವರ್ಗಾವಣೆಗಳ ಮಾತೇ ಹೆಚ್ಚು. ಪ್ರೇಮಕಥೆಯ ಲೇಖಕರು ಬಿಟ್ಟುಬಿಡಲು ಇಷ್ಟಪಡುವ ಇಂಥ ವಿವರವೇ ಓದುಗರನ್ನು ನಂಬಿಸುತ್ತದೆ.

ಇಷ್ಟನ್ನೂ ಓದಿದ ಮೇಲೆ ಆ ವಿದ್ಯಾರ್ಥಿನಿಯ ಕರಡನ್ನು ಮತ್ತೆ ತರಿಸಿಕೊಂಡೆವು. ಮುತ್ತಜ್ಜಿಗೆ ದೀಕ್ಷಾಸ್ನಾನಕ್ಕೆ ಮುಂಚಿನ ಹೆಸರು ಏನೆಂದು ಕೇಳಿದೆವು. ಗೊತ್ತಿರಲಿಲ್ಲ, ಬೈಬಲ್ಲಿನ ಹಾಳೆಯಲ್ಲಿ ಅದು ಇಲ್ಲ. ವಿಜಯವಾಡದ ಅಜ್ಜಿಯನ್ನು ಕೇಳಲು ಆಕೆ ಹೋದರು. ಗುಣದಲದ ಮಾತೆಯ ಜಾತ್ರೆಯ ದಿನಗಳು. ಮನೆ ತುಂಬ ನೆಂಟರು. ಅಜ್ಜಿ ಹೆಸರು ಹೇಳಲು ಹಿಂಜರಿದು, ತನ್ನ ತಾಯಿ ನಾಟಿಯ ಗದ್ದೆಯಲ್ಲಿ ಹೇಳುತ್ತಿದ್ದ ಹಾಡೊಂದನ್ನು ಅಡುಗೆಮನೆಯಲ್ಲಿ ಮೆಲ್ಲಗೆ ಹಾಡಿದರಂತೆ. ಆ ಹಾಡಿನ ಮೂರನೆಯ ಸಾಲಿನಲ್ಲಿ ಹಾಡುವವಳು ತನ್ನ ಹೆಸರನ್ನು ತಾನೇ ಕರೆದುಕೊಳ್ಳುತ್ತಾಳೆ. ಕಾದಂಬರಿಯ ಮೊದಲ ಅಧ್ಯಾಯ ಈಗ ಗದ್ದೆಯಲ್ಲಿ ತೊಡಗುತ್ತದೆ. ಎರಡನೆಯದನ್ನು ಆಕೆ ಇನ್ನೂ ಬರೆದು ಮುಗಿಸಿಲ್ಲ.