ಕೊಡುಗೆಯ ಕರಾರು ಮತ್ತು ಒಡೆತನ: ಓಪನ್‌ಆಫೀಸ್ ಪ್ರಕರಣದ ಒಂದು ವಿಮರ್ಶೆ

ಮುಕ್ತ ತಂತ್ರಾಂಶದ ಚರಿತ್ರೆಯನ್ನು ವಿವೇಚಿಸುವಾಗ ಪರವಾನಗಿಯ ಪತ್ರವೊಂದನ್ನೇ ಪ್ರಮಾಣವಾಗಿ ಹಿಡಿಯುವ ವಾಡಿಕೆಯುಂಟು. ಮೂಲಸಂಕೇತವು ಎಲ್ಲರಿಗೂ ತೆರೆದಿದೆಯೆ, ತಿದ್ದಿ ಹಂಚಲು ಅನುಮತಿಯಿದೆಯೆ ಎಂಬಿಷ್ಟನ್ನು ನೋಡಿ ತೀರ್ಪು ಕೊಡಲಾಗುತ್ತದೆ. ನಮ್ಮ ಅಭಿಪ್ರಾಯದಲ್ಲಿ ಇದು ಆಧಾರದ ಅರ್ಧಭಾಗವನ್ನು ಮಾತ್ರ ಪರಿಶೀಲಿಸಿದಂತೆ. ಪರವಾನಗಿಯು ಒಡೆಯನು ಲೋಕಕ್ಕೆ ಕೊಟ್ಟ ಮಾತು. ಒಡೆಯನು ಯಾರೆಂಬುದನ್ನು ನಿರ್ಣಯಿಸುವುದು ಅದರ ಹಿಂದಿರುವ ಕೊಡುಗೆದಾರರ ಕರಾರು. ದಾನಶಾಸನವನ್ನು ಓದುವವನು ದಾನಿ ಯಾರು, ಪ್ರತಿಗ್ರಾಹಿ ಯಾರು, ಕೊಟ್ಟ ಹಕ್ಕೆಷ್ಟು ಎಂದು ಮೊದಲು ಕೇಳುತ್ತಾನಷ್ಟೆ. ಇಲ್ಲಿಯೂ ಅದೇ ಕ್ರಮವು ತಕ್ಕುದು.

ಜರ್ಮನಿಯ ಸ್ಟಾರ್‌ಡಿವಿಷನ್ ಸಂಸ್ಥೆಯನ್ನು ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ 1999ರಲ್ಲಿ ಕೊಂಡುಕೊಂಡು, ಅದರ ಕಚೇರಿ ತಂತ್ರಾಂಶದ ಮೂಲಸಂಕೇತವನ್ನು 2000ದಲ್ಲಿ ಓಪನ್‌ಆಫೀಸ್ ಎಂಬ ಹೆಸರಿನಿಂದ ಪ್ರಕಟಿಸಿತು. ಹೊರಗಿನವರು ಸಂಕೇತವನ್ನು ಕೊಡಬೇಕಾದರೆ ಜಂಟಿ ಕೃತಿಸ್ವಾಮ್ಯದ ಪತ್ರಕ್ಕೆ ಸಹಿ ಹಾಕಬೇಕಾಗಿತ್ತು. ಬರೆದವನಿಗೂ ಸ್ವಾಮ್ಯ ಉಳಿಯುವುದು, ಸನ್ ಸಂಸ್ಥೆಗೂ ದೊರೆಯುವುದು. ಮೇಲುನೋಟಕ್ಕೆ ಇದು ಸಮಾನರ ಒಪ್ಪಂದ. ಆದರೆ ‘ಜಂಟಿ’ ಎಂಬ ಪದವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಒಬ್ಬೊಬ್ಬ ಲೇಖಕನ ಕೈಯಲ್ಲಿ ಉಳಿದುದು ತಾನು ಬರೆದ ಕೆಲವು ಸಾಲುಗಳು. ಸಂಸ್ಥೆಯ ಕೈ ಸೇರಿದುದು ಎಲ್ಲರ ಸಾಲುಗಳು. ಕೃತಿಯನ್ನು ಇಡಿಯಾಗಿ ಬೇರೆ ಷರತ್ತಿನ ಮೇಲೆ ಮಾರುವ ಶಕ್ತಿ ಒಬ್ಬರಿಗೆ ಮಾತ್ರ ಇತ್ತು; ಸ್ಟಾರ್‌ಆಫೀಸ್ ಎಂಬ ಹೆಸರಿನಿಂದ ಸನ್ ಹಾಗೆ ಮಾರುತ್ತಲೂ ಇತ್ತು. ಸನ್ ತನ್ನ ಎಂಜಿನಿಯರುಗಳಿಗೆ ವರ್ಷಗಟ್ಟಲೆ ಸಂಬಳ ಕೊಟ್ಟು ಕೃತಿಯನ್ನು ಬೆಳೆಸಿದುದನ್ನು ಮರೆಯುವುದು ನ್ಯಾಯವಲ್ಲ. ಆದರೂ ವೆಚ್ಚವನ್ನು ಹೊತ್ತವನಿಗೆ ಪರರ ಶ್ರಮದ ಮೇಲೂ ಹಕ್ಕುಂಟೆಂಬ ವಾದಕ್ಕೆ ಬೇರೆ ಸಮರ್ಥನೆ ಬೇಕು.

2010ರ ಜನವರಿಯಲ್ಲಿ ಸನ್ ಸಂಸ್ಥೆಯೇ ಆರಕಲ್‌ನ ವಶವಾಯಿತು. ಅದರೊಡನೆ ಈ ಹಕ್ಕುಗಳೂ ಕೈಬದಲಾದುವು. ಅದೇ ವರ್ಷದ ಸೆಪ್ಟೆಂಬರ್ 28ರಂದು ಕೊಡುಗೆದಾರರಲ್ಲಿ ಹಲವರು ಡಾಕ್ಯುಮೆಂಟ್ ಫೌಂಡೇಷನ್ ಎಂಬ ಸಂಸ್ಥೆಯನ್ನು ಘೋಷಿಸಿ ಲಿಬ್ರೆಆಫೀಸ್ ಎಂಬ ಕವಲನ್ನು ಹೊರಡಿಸಿದರು. ಅಲ್ಲಿ ಕೃತಿಸ್ವಾಮ್ಯವನ್ನು ಯಾರಿಗೂ ಬರೆದುಕೊಡಬೇಕಾಗಿರಲಿಲ್ಲ. ನಾವೆಲ್, ರೆಡ್‌ಹ್ಯಾಟ್, ಗೂಗಲ್‌ಗಳಂಥ ವಾಣಿಜ್ಯಸಂಸ್ಥೆಗಳೇ ಅದಕ್ಕೆ ಬೆಂಬಲವಿತ್ತುದರಿಂದ, ಈ ಜಗಳವನ್ನು ಹಣವಂತರಿಗೂ ಹವ್ಯಾಸಿಗಳಿಗೂ ನಡೆದ ಜಗಳವೆಂದು ಬಣ್ಣಿಸುವುದು ಸಲ್ಲದು.

ಮುಂದಿನ ಘಟನೆಯೇ ಕರಾರಿನ ನಿಜವಾದ ಭಾಷ್ಯ. 2011ರ ಜೂನ್‌ನಲ್ಲಿ ಆರಕಲ್ ಓಪನ್‌ಆಫೀಸನ್ನು ಅಪಾಚೆ ಪ್ರತಿಷ್ಠಾನಕ್ಕೆ ಒಪ್ಪಿಸಿತು. ಹಿಂದಿನ ಪರವಾನಗಿಯಲ್ಲಿ, ತಿದ್ದಿ ಹಂಚಿದವನು ತಿದ್ದುಪಡಿಯನ್ನೂ ಅದೇ ಷರತ್ತಿನ ಮೇಲೆ ಕೊಡಬೇಕೆಂಬ ನಿಬಂಧನೆಯಿತ್ತು. ಅಪಾಚೆ ಪರವಾನಗಿಯಲ್ಲಿ ಅದಿಲ್ಲ. ಬರೆದವರ ಒಪ್ಪಿಗೆಯನ್ನು ಮತ್ತೆ ಕೇಳಬೇಕಾಗಲಿಲ್ಲ; ಸಹಿ ಹಿಂದೆಯೇ ಆಗಿತ್ತು.

ಸ್ವಾಮ್ಯವು ಒಂದೆಡೆ ಇದ್ದರೆ ನ್ಯಾಯಾಲಯದಲ್ಲಿ ರಕ್ಷಣೆ ಸುಲಭವೆಂಬ ವಾದವು ಸುಳ್ಳಲ್ಲ. 2008ರಲ್ಲಿ ಸಿಸ್ಕೋ ಮೇಲೆ ದಾವೆ ಹೂಡಿದ ಫ್ರೀ ಸಾಫ್ಟ್‌ವೇರ್ ಫೌಂಡೇಷನ್ ಇದಕ್ಕೆ ನಿದರ್ಶನ. ಆದರೆ ಆ ಸಂಸ್ಥೆಯು ತನ್ನ ಪತ್ರದಲ್ಲಿ, ಕೃತಿಯನ್ನು ಮುಕ್ತ ಷರತ್ತಿನ ಮೇಲೆಯೇ ಹಂಚುವೆನೆಂದು ಪ್ರತಿವಾಗ್ದಾನ ಮಾಡುತ್ತದೆ. ಹೀಗಿದ್ದೂ ಅದರ ಜಿಸಿಸಿ ಯೋಜನೆಯು 2021ರಲ್ಲಿ ಸ್ವಾಮ್ಯದ ವರ್ಗಾವಣೆಯನ್ನು ಐಚ್ಛಿಕವನ್ನಾಗಿಸಿತು. ಬಂಡವಾಳಕ್ಕೆ ಸ್ವಾಮ್ಯವು ಅನಿವಾರ್ಯವೆಂಬ ಮಾತಿಗೆ ಲಿನಕ್ಸೇ ಉತ್ತರ. ಬಹುಮಟ್ಟಿಗೆ ಸಂಸ್ಥೆಗಳ ವೇತನದಿಂದಲೇ ನಡೆಯುವ ಆ ಕೃತಿಗೆ 2004ರಿಂದ ಬೇಕಾಗಿರುವುದು, ಇದನ್ನು ಕೊಡಲು ನನಗೆ ಅಧಿಕಾರವಿದೆ ಎಂಬ ಲೇಖಕನ ದೃಢೀಕರಣ ಮಾತ್ರ.

2023ರ ಆಗಸ್ಟ್‌ನಲ್ಲಿ ಹ್ಯಾಶಿಕಾರ್ಪ್ ತನ್ನ ಟೆರಾಫಾರ್ಮ್ ತಂತ್ರಾಂಶದ ಮುಕ್ತ ಪರವಾನಗಿಯನ್ನು ಹಿಂತೆಗೆದು, ಸ್ಪರ್ಧಿಗಳನ್ನು ನಿರ್ಬಂಧಿಸುವ ಪರವಾನಗಿಯನ್ನು ಮುಂದಿನ ಆವೃತ್ತಿಗಳಿಗೆ ವಿಧಿಸಿತು. ಅಲ್ಲಿಯೂ ಕೊಡುಗೆದಾರರ ಕರಾರು ಇತ್ತು. ಮರುತಿಂಗಳೇ ಲಿನಕ್ಸ್ ಫೌಂಡೇಷನ್ನಿನ ಆಶ್ರಯವನ್ನು ಪಡೆದ ಅದರ ಕವಲು ಓಪನ್‌ಟೋಫು, ಕೊಡುಗೆದಾರರಿಂದ ಆ ದೃಢೀಕರಣವನ್ನಷ್ಟೇ ಕೇಳುತ್ತದೆ.