ಬೇಲಿಗೆ ಕವಳಿಯೇ ಆಗಬೇಕು

ತಿಕೋಟಾ, ಬಬಲೇಶ್ವರದ ಕಡೆ ದ್ರಾಕ್ಷಿ, ದಾಳಿಂಬೆ ತೋಟ ಮಾಡುವವರು ಹೊಲದ ಸುತ್ತ ಕಂಬ ನಿಲ್ಲಿಸಿ ಮುಳ್ಳುತಂತಿ ಎಳೆಸುತ್ತಾರೆ. ಅವಸರಕ್ಕೆ ಅದು ಸರಿ. ಆದರೆ ತಂತಿಗೆ ತುಕ್ಕು ಹಿಡಿಯುತ್ತದೆ, ಅದು ಹೂ ಬಿಡುವುದಿಲ್ಲ. ನಾಲ್ಕೈದು ವರ್ಷ ಕಾಯುವ ತಾಳ್ಮೆ ಇದ್ದವರಿಗೆ ನಾನು ಹೇಳುವುದು ಕವಳಿ.

ನಮ್ಮ ಮಡ್ಡಿಯ ಗಿಡವದು. ಗಟ್ಟಿ ಜೋಡಿಮುಳ್ಳು, ಬೇಸಿಗೆಯಲ್ಲೂ ಉದುರದ ಹಸಿರೆಲೆ, ಮಲ್ಲಿಗೆಯಂಥ ಬಿಳಿ ಹೂ. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆಯ ಈ ನಾಡಿನಲ್ಲಿ ಬೇರೂರಿದ ಮೇಲೆ ನೀರು ಬೇಡುವುದೇ ಅಪರೂಪ. ಬಳ್ಳಾರಿ ಜಾಲಿ ಇನ್ನೂ ಬೇಗ ಬೆಳೆಯುತ್ತದೆ, ನಿಜ. ಅದರ ಕಾಯಿ ತಿಂದ ದನಗಳು ಬೀಜವನ್ನು ಊರ ತುಂಬ ಹರಡುತ್ತವೆ. ಒಮ್ಮೆ ಹೊಲ ಹೊಕ್ಕರೆ ಕಿತ್ತು ಮುಗಿಯದು. ಅದನ್ನು ನೆಡಲೇಬೇಡಿ.

ಕವಳಿಗೆ ಆಗದ್ದು ನಿಂತ ನೀರು. ಎರೆಭೂಮಿಯಲ್ಲಿ ಮೊದಲು ಒಡ್ಡು ಏರಿಸಿ, ಅದರ ಮೇಲೆ ನೆಡಬೇಕು. ಉಪ್ಪಿನ ಕಳ್ಳಸಾಗಣೆ ತಡೆಯಲು ಬ್ರಿಟಿಷರು ಉತ್ತರ, ಮಧ್ಯ ಭಾರತದಲ್ಲಿ ನೂರಾರು ಮೈಲಿ ಬೆಳೆಸಿದ ಮುಳ್ಳುಬೇಲಿಯಲ್ಲೂ ಜಾಲಿ, ಬಾರಿಗಿಡಗಳ ಜೊತೆ ಕವಳಿ ಇತ್ತು. 1885ರಲ್ಲಿ ಕಾಂಗ್ರೆಸ್ ಕಟ್ಟಿದವರಲ್ಲೊಬ್ಬರಾದ ಎ.ಒ. ಹ್ಯೂಮ್ ಅದಕ್ಕೂ ಮುಂಚೆ ಆ ಬೇಲಿಯ ಉಸ್ತುವಾರಿ ಹೊತ್ತಿದ್ದರು. ಯಾವ ಮಣ್ಣಿಗೆ, ಯಾವ ಮಳೆಗೆ ಯಾವ ಗಿಡ ಎಂದು ಪರೀಕ್ಷಿಸಿ, ನೀರು ನಿಲ್ಲುವಲ್ಲಿ ದಿಬ್ಬ ಹಾಕಿಸಿ ಬೆಳೆಸಿದರು. 1879ರಲ್ಲಿ ಸುಂಕದ ಗಡಿ ರದ್ದಾದ ಮೇಲೆ ಆ ಬೇಲಿ ಅಳಿಯಿತು. ದಬ್ಬಾಳಿಕೆಯ ಬೇಲಿ ಅದು, ಹೋದದ್ದೇ ಒಳ್ಳೆಯದು. ಮಣ್ಣು ನೋಡಿ ಗಿಡ ಆರಿಸುವ ಆ ಕ್ರಮವನ್ನು ಮಾತ್ರ ನಾವು ಇಟ್ಟುಕೊಳ್ಳಬಹುದು.

ಹಣ್ಣಿನಿಂದ ತೆಗೆದ ಬೀಜವನ್ನು ತಡಮಾಡದೆ ಬಿತ್ತಿ. ಒಣಗಿಸಿ ವರ್ಷವಿಡೀ ಇಟ್ಟದ್ದು ಮೊಳೆಯದು. ಚೀಲದಲ್ಲಿ ಬೆಳೆದ ಸಸಿಯನ್ನು ಮರುವರ್ಷದ ಮುಂಗಾರಿಗೆ ಎರಡಡಿ ಅಂತರದಲ್ಲಿ ಎರಡು ಸಾಲು, ಒಂದರ ಸಂದಿಗೆ ಇನ್ನೊಂದು ಬರುವಂತೆ ನೆಡಿ. ಮೊಣಕಾಲುದ್ದ ಬಂತೆಂದರೆ ಗೇಣುದ್ದಕ್ಕೆ ಕತ್ತರಿಸಿ. ಇಲ್ಲೇ ಬಹಳ ಮಂದಿಗೆ ಕೈ ಬರುವುದಿಲ್ಲ. ಏರಗೊಟ್ಟರೆ ಮೇಲೆ ಪೊದೆ, ಬುಡ ಬೋಳು. ನಾಯಿ, ಹಂದಿ ನುಗ್ಗುವುದು ಬುಡದಿಂದಲೇ. ಮುಂದೆಯೂ ಬುಡ ಅಗಲ, ತಲೆ ಕಿರಿದು ಇರುವಂತೆ ಸವರುತ್ತಿದ್ದರೆ ಕೆಳಗಿನ ಟೊಂಗೆಗೂ ಬಿಸಿಲು ಬಿದ್ದು ಹಸಿರುಳಿಯುತ್ತದೆ.

ವಿಜಯಪುರ ನಗರದ ಮನೆಯಂಗಳಕ್ಕೆ ಒಂದೇ ಸಾಲು ಸಾಕು, ಮಕ್ಕಳು ಓಡಾಡುವ ಬದಿ ಬಿಟ್ಟು. ಕಾಯಿಗಾಗಿ ಒಂದೆರಡು ಗಿಡವನ್ನು ಸವರದೆ ಬಿಡಿ. ಹುಳಿಗಾಯಿ ಉಪ್ಪಿನಕಾಯಿಗೆ, ಕಪ್ಪಾದ ಹಣ್ಣು ಮಕ್ಕಳಿಗೆ ಮತ್ತು ಬುಲ್‌ಬುಲ್‌ಗಳಿಗೆ.